‘ನನ್ನ ಪರ ನಾನೇ ವಾದಿಸುತ್ತೇನೆ’ ಎನ್ನುವ ಮಗ

ಪ್ರಶ್ನೆ: ನನ್ನ ಮಗ 11 ವರ್ಷಗಳಿಂದ ಅಮೆರಿಕದಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ. ಅವನೂ ಅವನ ಪಾಲುದಾರನೂ ನಡೆಸುತ್ತಿದ್ದ ಸಣ್ಣ ಕಂಪನಿಯ ಲೆಕ್ಕಪತ್ರಗಳ ವಿಚಾರವಾಗಿ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಅವನ ಮೇಲೆ ‘ವೈರ್ ಫ್ರಾಡ್’ ಆರೋಪ ಹೊರಿಸಿದ್ದಾರೆ. ಪಾಸ್‌ಪೋರ್ಟ್ ಒಪ್ಪಿಸಿ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಖಾಸಗಿ ವಕೀಲರ ಶುಲ್ಕ ಅವನ ಕೈಗೆಟುಕುವಂತಿಲ್ಲ. ಮೊದಲ ದಿನ ಕೋರ್ಟಿನಲ್ಲಿ ಸರ್ಕಾರಿ ವಕೀಲರೊಬ್ಬರು ಅವನ ಪರ ನಿಂತಿದ್ದರಂತೆ. ‘ಆರೋಪ ಹೊರಿಸಿದ ಸರ್ಕಾರವೇ ಕೊಡುವ ವಕೀಲರನ್ನು ನಂಬುವುದು ಹೇಗೆ? ನಾನು ತಪ್ಪು ಮಾಡಿಲ್ಲ. ಆ ಲೆಕ್ಕ ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ, ನಾನೇ ವಾದಿಸುತ್ತೇನೆ’ ಎನ್ನುತ್ತಾನೆ. ಅಡಿಕೆ ತೋಟ ಮಾರಿ ಹಣ ಕಳಿಸಲೇ? ಪಾಲುದಾರನ ತಂದೆ ನಮಗೆ ಪರಿಚಿತರು. ಅವರ ಮೂಲಕ ರಾಜಿ ಮಾಡಿಸಬಹುದೇ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅಪಾಯವಿದೆ. ಪಾಲುದಾರರ ತಂದೆಯವರೊಡನೆ ಈ ವಿಷಯವಾಗಿ ದಯವಿಟ್ಟು ಮಾತನಾಡಬೇಡಿ. ವಂಚನೆಯ ಪ್ರಕರಣದಲ್ಲಿ ಮೋಸಹೋದವರು ಕೋರ್ಟಿನ ಅನುಮತಿ ಪಡೆದು ರಾಜಿಯಾಗಲು ನಮ್ಮ ಕಾನೂನಿನಲ್ಲಿ ಅವಕಾಶವಿರುವುದರಿಂದ ನಿಮಗೆ ಹಾಗೆ ತೋಚಿರುವುದು ಸಹಜ. ಆದರೆ ಅಲ್ಲಿ ಮೊಕದ್ದಮೆ ಹೂಡಿರುವುದು ಅಮೆರಿಕ ಸರ್ಕಾರ. ಮನೆಯವರ ನಡುವಿನ ರಾಜಿಯಿಂದ ಅದು ಮುಗಿಯುವುದಿಲ್ಲ. ಸಾಕ್ಷಿಯಾಗಬಹುದಾದ ಪಾಲುದಾರರ ಮೇಲೆ ಒತ್ತಡ ತರಲು ಯತ್ನಿಸಲಾಯಿತು ಎಂಬ ಅರ್ಥ ಬಂದರೆ 20 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಇನ್ನೊಂದು ಆರೋಪ ಹುಟ್ಟಿಕೊಳ್ಳಬಹುದು, ಈಗಿರುವ ಜಾಮೀನೂ ರದ್ದಾಗಬಹುದು.

ಇನ್ನು ತಾನೇ ವಾದಿಸುವ ಮಾತು. ಆ ಹಕ್ಕು ನಿಮ್ಮ ಮಗನಿಗೆ ಖಂಡಿತವಾಗಿ ಇದೆ. 1975ರಲ್ಲಿ ಫಾರೆಟ್ಟಾ ಎಂಬಾತನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪರಿಣಾಮಗಳನ್ನು ತಿಳಿದು ಸ್ವಇಚ್ಛೆಯಿಂದ ವಕೀಲರನ್ನು ಬೇಡವೆನ್ನುವ ಆರೋಪಿಯ ಮೇಲೆ ವಕೀಲರನ್ನು ಹೇರುವಂತಿಲ್ಲ ಎಂದು ತೀರ್ಪಿತ್ತಿತು. ಅದೇ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿರುವ ಮಾತನ್ನೂ ಅವರಿಗೆ ತಿಳಿಸಿ: ಹೀಗೆ ತಾನೇ ವಾದಿಸಿದವನು, ತನ್ನ ಪರವಾದ ವಾದ ಸಮರ್ಥವಾಗಿರಲಿಲ್ಲ ಎಂದು ಮುಂದೆ ಮೇಲ್ಮನವಿಯಲ್ಲಿ ದೂರುವಂತಿಲ್ಲ. ವಕೀಲರು ತೀರಾ ಅಸಮರ್ಥರಾಗಿದ್ದರೆ ಆ ಕಾರಣಕ್ಕೇ ತೀರ್ಪನ್ನು ಪ್ರಶ್ನಿಸುವ ದಾರಿಯೊಂದು ಉಳಿದಿರುತ್ತದೆ. ಒಬ್ಬನೇ ನಿಂತವನಿಗೆ ಆ ದಾರಿ ಮುಚ್ಚಿಹೋಗುತ್ತದೆ.

ನನ್ನನ್ನು ಇದಕ್ಕಿಂತ ಹೆಚ್ಚು ಕಳವಳಗೊಳಿಸಿದ್ದು ‘ಲೆಕ್ಕ ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ’ ಎಂಬ ಅವರ ಮಾತು. ಮೋಸದ ಯೋಜನೆಯೊಂದಕ್ಕಾಗಿ ಇಮೇಲ್, ಫೋನ್ ಅಥವಾ ಬ್ಯಾಂಕಿನ ಹಣ ವರ್ಗಾವಣೆಯಂಥ ಅಂತರರಾಜ್ಯ ಸಂವಹನವನ್ನು ಬಳಸುವುದೇ ವೈರ್ ಫ್ರಾಡ್. ಅಂಥ ಒಂದೊಂದು ಸಂದೇಶವೂ ಒಂದೊಂದು ಪ್ರತ್ಯೇಕ ಆರೋಪವಾಗಬಹುದು, ಒಂದೊಂದಕ್ಕೂ 20 ವರ್ಷಗಳವರೆಗೆ ಶಿಕ್ಷೆಯಿದೆ. ಇಂಥ ಮೊಕದ್ದಮೆಗಳಲ್ಲಿ ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಬ್ಯಾಂಕಿನ ದಾಖಲೆಯಿಂದಲೇ ತಿಳಿಯುವುದರಿಂದ, ನಿಜವಾದ ವಾದ ನಡೆಯುವುದು ಆರೋಪಿಗೆ ಮೋಸ ಮಾಡುವ ಉದ್ದೇಶ ಇತ್ತೇ ಎಂಬುದರ ಮೇಲೆ. ಲೆಕ್ಕದ ಪ್ರತಿಯೊಂದು ಸಾಲೂ ಇವರಿಗೆ ಗೊತ್ತಿತ್ತು ಎಂಬುದನ್ನೇ ಪ್ರಾಸಿಕ್ಯೂಷನ್‌ನವರು ಸಾಬೀತುಪಡಿಸಲು ಹೊರಟಿರಬಹುದು. ಹಾಗಿರುವಾಗ ಇವರೇ ಎದ್ದು ನಿಂತು, ತಪ್ಪಿತಸ್ಥನೇ ಅಲ್ಲವೇ ಎಂದು ತೀರ್ಮಾನಿಸುವ 12 ಮಂದಿ ಸಾಮಾನ್ಯ ನಾಗರಿಕರ ಜ್ಯೂರಿಯ ಎದುರು ಸಾಕ್ಷಿಗಳಿಗೆ ಒಂದೊಂದು ನಮೂದಿನ ಬಗೆಗೂ ಪ್ರಶ್ನೆ ಹಾಕುತ್ತಾ ಹೋದರೆ ಎದುರಿನವರ ಕೆಲಸವನ್ನು ತಾವೇ ಮಾಡಿಕೊಟ್ಟಂತಾಗುತ್ತದೆ. ಅಲ್ಲಿ ಆರೋಪಿ ಬಾಯಿ ತೆರೆಯದೆ ಕುಳಿತಿರಬಹುದು. ಆ ಮೌನವನ್ನು ತಪ್ಪಿನ ಗುರುತೆಂದು ಪ್ರಾಸಿಕ್ಯೂಟರ್ ಜ್ಯೂರಿಗೆ ಹೇಳುವಂತಿಲ್ಲ ಎಂದು 1965ರಲ್ಲೇ ತೀರ್ಮಾನವಾಗಿದೆ. ಇಷ್ಟು ದೊಡ್ಡ ರಕ್ಷಣೆಯ ಪೂರ್ಣ ಪ್ರಯೋಜನ ಸಿಗುವುದು ತನ್ನ ಪರವಾಗಿ ಇನ್ನೊಬ್ಬರು ಮಾತನಾಡುತ್ತಿದ್ದಾಗ ಮಾತ್ರ.

‘ಸರ್ಕಾರಿ ವಕೀಲರು’ ಎಂಬ ಪದವೇ ಇಲ್ಲಿ ನಿಮ್ಮನ್ನು ದಾರಿ ತಪ್ಪಿಸಿದೆ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಹಾಗೆಂದರೆ ಪ್ರಾಸಿಕ್ಯೂಷನ್ ಪರ ನಿಲ್ಲುವವರು. ಅಲ್ಲಿ ಆ ಕೆಲಸ ಮಾಡುವುದು ನ್ಯಾಯ ಇಲಾಖೆಗೆ ಸೇರಿದ ಯು.ಎಸ್. ಅಟಾರ್ನಿ ಕಚೇರಿ. ನಿಮ್ಮ ಮಗನ ಪರ ನಿಂತವರು ಬಹುಶಃ ಫೆಡರಲ್ ಪಬ್ಲಿಕ್ ಡಿಫೆಂಡರ್ ಕಚೇರಿಯವರು. ಆ ಕಚೇರಿಯ ಮುಖ್ಯಸ್ಥರನ್ನು ನಾಲ್ಕು ವರ್ಷಗಳ ಅವಧಿಗೆ ನೇಮಿಸುವುದು ಮೇಲ್ಮನವಿ ನ್ಯಾಯಾಲಯವೇ ಹೊರತು ಆರೋಪ ಹೊರಿಸಿದ ಇಲಾಖೆಯಲ್ಲ. ಸಂಬಳದ ಹಣ ಸರ್ಕಾರದ್ದಾದರೂ ಅವರ ನಿಷ್ಠೆ ಕಕ್ಷಿದಾರನಿಗೆ ಮಾತ್ರ, ಮತ್ತು ಅವನು ಹೇಳಿದ ಗುಟ್ಟನ್ನು ಕಾಪಾಡಲು ಅವರು ಬದ್ಧರು. ಫೆಡರಲ್ ಕ್ರಿಮಿನಲ್ ಪ್ರಕರಣಗಳನ್ನೇ ದಿನವೂ ನಡೆಸುವ ಈ ವಕೀಲರು, ಎಂದೋ ಒಮ್ಮೆ ಅಂಥ ಪ್ರಕರಣ ಹಿಡಿಯುವ ದುಬಾರಿ ವಕೀಲರಿಗಿಂತ ಎಷ್ಟೋ ಸಲ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ವಿಚಾರಣೆಯೇ ನಡೆಯದೆ ಪ್ರಕರಣ ಮುಗಿಯುವ ಸಾಧ್ಯತೆಯನ್ನೂ ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಗೊಳಗಾಗುವವರಲ್ಲಿ ಶೇಕಡ 97ರಷ್ಟು ಮಂದಿ ತಪ್ಪೊಪ್ಪಿಗೆಯ ಮೂಲಕವೇ ಶಿಕ್ಷೆಗೊಳಗಾಗುತ್ತಾರೆ ಎಂದು 2012ರಲ್ಲಿ ಸುಪ್ರೀಂ ಕೋರ್ಟೇ ದಾಖಲಿಸಿದೆ. ತಪ್ಪು ಮಾಡದವರು ಒಪ್ಪಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಪ್ರಾಸಿಕ್ಯೂಷನ್‌ನಿಂದ ತಪ್ಪೊಪ್ಪಿಗೆಯ ಒಪ್ಪಂದದ ಪ್ರಸ್ತಾಪ ಬಂದಾಗ ಅದನ್ನು ತೂಗಿ ನೋಡುವವರು ಬೇಕು. ವಂಚನೆಯಿಂದಾದ ನಷ್ಟ 10,000 ಡಾಲರ್ ಮೀರಿದ ಅಪರಾಧ ರುಜುವಾತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದಾದ್ದರಿಂದ, ಒಪ್ಪಂದದ ಕಾಗದದಲ್ಲಿ ನಮೂದಾಗುವ ನಷ್ಟದ ಮೊತ್ತವು ಸೆರೆವಾಸದಷ್ಟೇ ಮುಖ್ಯ. ಗಡೀಪಾರಿನ ಈ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರ ಪಡಿಲ್ಲಾ ತೀರ್ಪು ಹೇಳುತ್ತದೆ. ವಕೀಲರೇ ಇಲ್ಲದವರಿಗೆ ಅದನ್ನು ಬಿಡಿಸಿ ಹೇಳುವ ಹೊಣೆ ಯಾರದು?

ಮಗನೊಡನೆ ಫೋನಿನಲ್ಲಿ ಮಾತನಾಡುವಾಗ ಆರೋಗ್ಯ, ಊಟ, ಧೈರ್ಯದ ಮಾತುಗಳಿರಲಿ. ಪ್ರಕರಣದ ವಿವರ ಬೇಡ. ವಕೀಲರೊಡನೆ ಆಡಿದ ಮಾತಿಗಿರುವ ಗೋಪ್ಯತೆಯ ರಕ್ಷಣೆಯನ್ನು ತಂದೆಯೊಡನೆ ಆಡಿದ ಮಾತಿಗೆ ಅಲ್ಲಿನ ಫೆಡರಲ್ ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ವಕೀಲರ ನೇಮಕಕ್ಕಾಗಿ ನಿಮ್ಮ ಮಗ ತನ್ನ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣ ಮಾಡಿ ಕೋರ್ಟಿಗೆ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಏನನ್ನೂ ಮುಚ್ಚಿಡಬಾರದು. 1964ರ ಕಾಯಿದೆಯ ಪ್ರಕಾರ ಇದಕ್ಕೆ ಕಡುಬಡವರೇ ಆಗಿರಬೇಕಿಲ್ಲ, ಸಮರ್ಥ ವಕೀಲರನ್ನಿಡಲು ಹಣ ಸಾಲದಿದ್ದರೆ ಸಾಕು. ಸ್ವಲ್ಪ ಭಾಗವನ್ನು ಭರಿಸುವಂತೆ ನ್ಯಾಯಾಧೀಶರು ಹೇಳಬಹುದು. ಸಾಮಾನ್ಯವಾಗಿ ಅವರು ನೋಡುವುದು ಆರೋಪಿಯ ಸ್ಥಿತಿಯನ್ನು, ಊರಿನಲ್ಲಿರುವ ತಂದೆಯ ತೋಟವನ್ನಲ್ಲ. ಆದ್ದರಿಂದ ಮಾರಾಟದ ಮಾತುಕತೆ ನಡೆದಿದ್ದರೆ, ಆ ಅರ್ಜಿಯ ಮೇಲೆ ಆದೇಶ ಬರುವವರೆಗಾದರೂ ಮುಂಗಡ ತೆಗೆದುಕೊಳ್ಳಬೇಡಿ.