ಜಾಮ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆಗುವ ಹಳೇ ಪಿಕಪ್: ಹೆಡ್ ಇಳಿಸಬೇಕಾ?

ನಿಮ್ಮದು ಹದಿನಾಲ್ಕು ವರ್ಷದ ಡೀಸೆಲ್ ಪಿಕಪ್. ನೆಲಮಂಗಲದಿಂದ ಲೋಡ್ ತರುವಾಗ ಹೈವೇಯಲ್ಲಿ ಟೆಂಪರೇಚರ್ ಸೂಜಿ ಅರ್ಧ ದಾಟುವುದಿಲ್ಲ. ಗೊರಗುಂಟೆಪಾಳ್ಯದಲ್ಲಿ ಹತ್ತು ನಿಮಿಷ ನಿಂತರೆ ಕೆಂಪು ಗೆರೆ ಮುಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಮುಚ್ಚಳವಾದ ಹೆಡ್‌ಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಇಳಿಸಬೇಕಾ ಅಂತ ಕೇಳಿದ್ದೀರಿ.

ದಯವಿಟ್ಟು ಈಗಲೇ ಇಳಿಸಬೇಡಿ. ಗಾಡಿ ಯಾವಾಗ ಹೀಟ್ ಆಗುತ್ತದೆ ಅನ್ನುವುದೇ ದೊಡ್ಡ ಸುಳಿವು. ಓಡುವಾಗ ಎದುರು ಗಾಳಿ ರೇಡಿಯೇಟರ್ ತಂಪು ಮಾಡುತ್ತದೆ. ನಿಂತಾಗ ಆ ಗಾಳಿ ಇರುವುದಿಲ್ಲ, ಫ್ಯಾನ್ ಒಂದೇ ಗತಿ. ಹೈವೇಯಲ್ಲಿ ಸರಿ ಇದ್ದು ಜಾಮ್‌ನಲ್ಲಿ ಮಾತ್ರ ಏರಿದರೆ ಮೊದಲು ಫ್ಯಾನ್ ನೋಡಬೇಕು.

ಹಳೇ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಮಧ್ಯೆ ಒಂದು ದಪ್ಪ ಬಿಲ್ಲೆ ಇರುತ್ತದೆ, ಅದೇ ಫ್ಯಾನ್ ಕ್ಲಚ್. ಒಳಗೆ ಸಿಲಿಕೋನ್ ಎಣ್ಣೆ ಇದೆ. ರೇಡಿಯೇಟರ್ ಬಿಸಿಯಾದಾಗ ಆ ಎಣ್ಣೆಯೇ ಫ್ಯಾನನ್ನು ಹಿಡಿದು ಜೋರಾಗಿ ತಿರುಗಿಸುತ್ತದೆ. ವರ್ಷಗಳಾದ ಮೇಲೆ ಎಣ್ಣೆ ಸೋರಿ ಹಿಡಿತ ಹೋಗುತ್ತದೆ. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ಎಳೆದಂತೆ ಆಗಿ ನಿಲ್ಲಬೇಕು. ಸುಮ್ನೆ ಮೂರು ನಾಲ್ಕು ಸುತ್ತು ಹೋದರೆ ಕ್ಲಚ್ ಹೋಗಿದೆ. ಬಿಲ್ಲೆಯ ಸುತ್ತ ಎಣ್ಣೆ ಜಿಡ್ಡು, ಧೂಳು ಅಂಟಿದ್ದರೂ ಅದೇ ಅರ್ಥ. ಅಕಸ್ಮಾತ್ ನಿಮ್ಮದು ಕರೆಂಟ್ ಫ್ಯಾನ್ ಆಗಿದ್ದರೆ ಫ್ಯೂಸ್, ರಿಲೇ, ಸ್ವಿಚ್ ನೋಡಿಸಿ.

ನನ್ನ ಗಾಡಿಯದು ಉಲ್ಟಾ. ಜಾಮ್‌ನಲ್ಲಿ ತಣ್ಣಗಿರುತ್ತಿತ್ತು, ಲೋಡ್ ಹಾಕಿ ಏರು ಹತ್ತಿದರೆ ಕುದಿಯುತ್ತಿತ್ತು. ನನಗೂ ಹೆಡ್ ಅಂತಲೇ ಹೇಳಿದರು. ಇಳಿಸಿ, ಫೇಸಿಂಗ್ ಮಾಡಿಸಿ (ಹೆಡ್‌ನ ತಳ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಮೂರನೇ ದಿನ ಸೂಜಿ ಮತ್ತೆ ಮೇಲೆ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಕಲಾಸಿಪಾಳ್ಯದಲ್ಲಿ ರೇಡಿಯೇಟರ್ ಕೆಲಸದವರೊಬ್ಬರು ರೇಡಿಯೇಟರ್‌ನ ಟ್ಯಾಂಕ್ ಬಿಚ್ಚಿ ತೋರಿಸಿದರು. ಅರ್ಧಕ್ಕರ್ಧ ಟ್ಯೂಬ್‌ಗಳು ಬಿಳಿ ಉಪ್ಪಿನಿಂದ ಮುಚ್ಚಿದ್ದವು. ಎರಡು ವರ್ಷ ನಾನು ಬೋರ್‌ವೆಲ್ ನೀರು ಸುರಿದಿದ್ದೆ. ನಮ್ಮೂರ ಬೋರ್ ನೀರು ಬಕೆಟ್ ಮೇಲೆ ಹೇಗೆ ಬಿಳಿ ಪದರ ಕಟ್ಟುತ್ತದೆ ನೋಡಿದ್ದೀರಿ, ಅಲ್ವಾ? ರೇಡಿಯೇಟರ್ ಒಳಗೂ ಅದೇ ಕಟ್ಟುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಹಾಕಿ, ಬೇರೆ ನೀರು ಬೇಡ.

ರೇಡಿಯೇಟರ್ ಕ್ಯಾಪ್ ಕೂಡ ಬದಲಾಯಿಸಿ, ಅದು ಅಗ್ಗ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿದಿಟ್ಟರೆ ಮಾತ್ರ ಆ ಮಟ್ಟ 110 ದಾಟುತ್ತದೆ. ರಬ್ಬರ್ ಸೀಳಿದ್ದರೆ ಎಷ್ಟು ತುಂಬಿಸಿದರೂ ಉಕ್ಕಿ ಹೋಗುತ್ತದೆ. ಹಳೇ ಕ್ಯಾಪ್ ಮೇಲೆ ಬರೆದ ನಂಬರಿನದ್ದೇ ತನ್ನಿ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಬಾಯಿ ತೆರೆದು ಕೂಲೆಂಟ್ ಅನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆಗೆದುಹಾಕಿ ಎನ್ನುವವರ ಮಾತು ಕೇಳಬೇಡಿ. ಎಂಜಿನ್ ಸರಿಯಾಗಿ ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಕೆಲವು ಎಂಜಿನ್‌ಗಳಲ್ಲಿ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಅನುಮಾನ ಇದ್ದರೆ ಬಿಚ್ಚಿ ಪಾತ್ರೆಯಲ್ಲಿ ನೀರು ಕುದಿಸಿ ಹಾಕಿ. ಬಾಯಿ ತೆರೆಯದಿದ್ದರೆ ಹೊಸದು ಹಾಕಿಸಿ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಅದಕ್ಕೆ ಬೇರೆ ಗುರುತುಗಳಿವೆ. ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನಿಲ್ಲದೆ ಗುಳ್ಳೆ ಬರುತ್ತದಾ? ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದೆಯಾ? ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲುವುದಿಲ್ಲವಾ? ಇವು ಇದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ ಇರಬಹುದು.

ಅಲ್ಲಿಯವರೆಗೆ ಜಾಮ್‌ನಲ್ಲಿ ಸೂಜಿ ಏರಿದರೆ ಹೀಟರ್ ಫುಲ್ ಹಾಕಿ, ಅದು ಎಂಜಿನ್ ಬಿಸಿಯನ್ನು ಕ್ಯಾಬಿನ್ ಒಳಗೆ ಎಳೆಯುತ್ತದೆ. ಆದರೂ ಇಳಿಯದಿದ್ದರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬಿಸಿ ಕ್ಯಾಪ್ ಮಾತ್ರ ಯಾವತ್ತೂ ತೆಗೆಯಬೇಡಿ, ಮುಖ ಕೈ ಸುಟ್ಟುಹೋಗುತ್ತದೆ. ಫ್ಯಾನ್ ಎಷ್ಟು ಸುತ್ತು ಹೋಯಿತು ಅಂತ ನೋಡಿ ಇಲ್ಲೇ ಬರೆಯಿರಿ, ಮುಂದಿನದು ನೋಡೋಣ.