ಬಸುರಿಗೆ ಟಾನಿಕ್ ಅಲ್ಲ, ಸಂಬಳದ ರಜೆ ಕೊಡಿ

ಟಾನಿಕ್ಕಿನ ಹೆಸರು ಕೇಳಿ ಬರುವ ಪತ್ರಗಳನ್ನು ಇಷ್ಟು ದಿನ ಬದಿಗಿಡುತ್ತಿದ್ದೆ. ಈ ತಿಂಗಳೂ ಅಂಥವೇ ಹೆಚ್ಚಾಗಿ ಬಂದಿರುವುದರಿಂದ ಅವುಗಳಲ್ಲೊಂದಕ್ಕೆ ವಿವರವಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ. ಕೆಲಸಕ್ಕೆ ಬರುವ ಹೆಣ್ಣಾಳಿಗೆ ಈಗ ಏಳು ತಿಂಗಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7.8 ಎಂದು ಬರೆದಿದ್ದಾರೆ. ಸರ್ಕಾರಿ ಕೆಂಪು ಮಾತ್ರೆ ತಿಂದರೆ ವಾಂತಿಯಾಗುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಬಿಟ್ಟುಬಿಟ್ಟಿದ್ದಾಳೆ. ಪೇಟೆಯಲ್ಲಿ ಒಬ್ಬರು ಎರಡು ಬಾಟಲಿ ಗ್ಲೂಕೋಸ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಖರ್ಚು ನಾನೇ ಕೊಡುತ್ತೇನೆ. ಯಾವ ಟಾನಿಕ್ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಗ್ಲೂಕೋಸಂತೂ ಬೇಡವೇ ಬೇಡ. ಅರ್ಧ ಲೀಟರಿನ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಅದರಲ್ಲಿ ಒಂದು ಹನಿ ರಕ್ತವನ್ನೂ ಹುಟ್ಟಿಸುವ ಶಕ್ತಿಯಿಲ್ಲ. ರಕ್ತ ತೀರ ಕಡಿಮೆಯಿರುವ ಬಸುರಿಯ ಹೃದಯ ಮೊದಲೇ ಏದುಸಿರು ಬಿಡುತ್ತಿರುತ್ತದೆ. ಅಂಥವಳ ಮೈಗೆ ಅವಸರದಲ್ಲಿ ನೀರು ಏರಿಸುವುದು ಅಪಾಯಕಾರಿ. ಪದವಿಯಿಲ್ಲದೆ ಸೂಜಿ ಹಿಡಿದು ಕೂತವರಿಗೆ ಇದನ್ನು ತಿಳಿಹೇಳುವ ತಾಳ್ಮೆ ನನಗೆ ಉಳಿದಿಲ್ಲ. ನೀವಾದರೂ ಆ ಕಡೆಗೆ ಹೋಗಬೇಡಿ.

ಮಾತ್ರೆಯಿಂದ ಮಗು ದಪ್ಪವಾಗುವುದಿಲ್ಲ. ರಕ್ತಹೀನತೆ ಹೆಚ್ಚಿದ್ದರೆ ಮಗು ತೂಕ ಕಡಿಮೆಯಾಗಿ, ದಿನ ತುಂಬುವ ಮೊದಲೇ ಹುಟ್ಟುವ ಸಾಧ್ಯತೆ ಹೆಚ್ಚು. ಮಲ ಕಪ್ಪಾಗುವುದು ಆ ಮಾತ್ರೆಯಲ್ಲಿರುವ ಕಬ್ಬಿಣದಿಂದ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಬೇಕಾಗಿಲ್ಲ. ವಾಂತಿಯ ವಿಷಯ ಬೇರೆ. ಒಂದು ಮಳೆಗಾಲದಲ್ಲಿ ನನ್ನ ಬಳಿ ಬಂದಿದ್ದ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದಳು. ಪಟ್ಟಿಯಿಂದ ಬಿಡಿಸಿಟ್ಟ ಕಬ್ಬಿಣದ ಮಾತ್ರೆಯ ಕೆಂಪು ಬಣ್ಣ ತೇವಕ್ಕೆ ಕರಗಿ, ಜೊತೆಗಿದ್ದ ಕ್ಯಾಲ್ಸಿಯಂನ ಬಿಳಿ ಮಾತ್ರೆಗಳಿಗೆ ಹತ್ತಿಕೊಂಡಿತ್ತು. ಎರಡನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗಿ ತೋಟಕ್ಕೆ ಹೋಗುತ್ತಿದ್ದಳಂತೆ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಕ್ಯಾಲ್ಸಿಯಂ ಅದಕ್ಕೆ ಅಡ್ಡ ಬರುತ್ತದೆ, ಖಾಲಿ ಹೊಟ್ಟೆ ವಾಂತಿ ತರಿಸುತ್ತದೆ. ಈ ಮೂರರಲ್ಲಿ ಒಂದೂ ಅವಳ ತಪ್ಪಲ್ಲ. ಎರಡು ಮಾತ್ರೆಯನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟವರು ಎರಡು ನಿಮಿಷ ನಿಂತು ಹೇಳಲಿಲ್ಲ, ಅಷ್ಟೆ. ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನಿಂಬೆರಸದ ಜೊತೆಗೋ ಒಂದು ನೆಲ್ಲಿಕಾಯಿಯ ಜೊತೆಗೋ ತಿನ್ನಲಿ. ಅದಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ, ಅದಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ.

ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು; 7ಕ್ಕಿಂತ ಕೆಳಗೆ ಇಳಿದರೆ ತೀವ್ರ ರಕ್ತಹೀನತೆ. 7.8 ಇರುವವರಿಗೆ ದಿನಕ್ಕೆ ಒಂದರ ಬದಲು ಎರಡು ಮಾತ್ರೆ ಕೊಟ್ಟು, ತಿಂಗಳ ನಂತರ ಮತ್ತೆ ಪರೀಕ್ಷಿಸಿ, ಕನಿಷ್ಠ 1 ಗ್ರಾಂ ಏರಿದೆಯೇ ಎಂದು ನೋಡುವುದು ಕ್ರಮ. ಆದರೆ ಏಳು ತಿಂಗಳಾದವಳಿಗೆ, ಅದರಲ್ಲೂ ಮಾತ್ರೆ ಬಿಟ್ಟವಳಿಗೆ, ಕಾಯುವಷ್ಟು ಸಮಯವಿಲ್ಲ. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಚಿಕಿತ್ಸೆ ಬೇಕೇ ಎಂದು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರು ಈ ವಾರವೇ ನಿರ್ಧರಿಸಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ನಡೆಯುವ ಉಚಿತ ತಪಾಸಣೆಯೂ ಇದೆ, ಆದರೆ ಆ ದಿನ ಹತ್ತಿರವಿಲ್ಲದಿದ್ದರೆ ಕಾಯಬೇಡಿ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ, ರಕ್ತ, ಊಟ, ಆಸ್ಪತ್ರೆಗೆ ಹೋಗಿ ಬರುವ ವಾಹನ ಎಲ್ಲವೂ ಉಚಿತ. ಹಾಗಾಗಿ ನಿಮ್ಮ ಹಣ ಔಷಧಿಗೆ ಬೇಕಾಗಿಲ್ಲ.

ಬೇಕಾಗಿರುವುದು ಬೇರೆ ಕಡೆಗೆ. ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಕಡಿಯದೆ ಕೊಡಿ. ಬಸುರಿಯರು ತಪಾಸಣೆಗೆ ಬರುವುದಿಲ್ಲ ಎಂದು ಸಭೆಗಳಲ್ಲಿ ದೂರುವುದನ್ನು ಕೇಳಿ ಕೇಳಿ ಸಾಕಾಗಿದೆ. ಒಂದು ರಕ್ತಪರೀಕ್ಷೆಗೆ ಒಂದು ದಿನದ ಅನ್ನ ಕಳೆದುಕೊಳ್ಳಬೇಕಾದವಳು ಹೇಗೆ ಬಂದಾಳು? ನಾಲ್ಕು ಭೇಟಿಯಲ್ಲೂ ಹಿಮೋಗ್ಲೋಬಿನ್ 10 ಎಂದೇ ಬರೆದ ತಾಯಿ ಕಾರ್ಡುಗಳನ್ನು ನಾನು ನೋಡಿದ್ದೇನೆ, ಬೆರಳಿಗೆ ಸೂಜಿ ಚುಚ್ಚದೆ ಬರೆದ ಸಂಖ್ಯೆಗಳವು. ನಿಮ್ಮ ಹೆಣ್ಣಾಳಿನ ಕಾರ್ಡಿನಲ್ಲಿ 7.8 ಎಂದಿದೆಯೆಂದರೆ ಯಾರೋ ನಿಜವಾಗಿ ಪರೀಕ್ಷಿಸಿದ್ದಾರೆ. ಅದಕ್ಕೆ ಬೆಲೆ ಕೊಡಿ. ಎರಡನೆಯದಾಗಿ, ಆಳುಗಳಿಗೆ ಶೌಚಾಲಯ ಕಟ್ಟಿಸಿ, ಚಪ್ಪಲಿ ಕೊಡಿಸಿ. ಬಯಲಿನ ಮಲದಿಂದ ತೋಟದ ತೇವದ ಮಣ್ಣಿಗೆ ಸೇರುವ ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಮೊದಲ ಮೂರು ತಿಂಗಳು ಕಳೆದ ಮೇಲೆ ಕೊಡುವ ಜಂತುಹುಳುವಿನ ಮಾತ್ರೆ ಆಕೆಗೆ ಸಿಕ್ಕಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೊನೆಯದಾಗಿ, ಹೆರಿಗೆ ರಕ್ತದ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಆಗಬೇಕು. ಗಟ್ಟಿಯಿರುವ ಬಾಣಂತಿ ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಂಡಾಳು, ನಿಮ್ಮ ಹೆಣ್ಣಾಳು ತಡೆಯಲಾರಳು. ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದ ರಾತ್ರಿ 108ಕ್ಕೆ ಫೋನ್ ಮಾಡಿ ಕಾಯುವ ಸ್ಥಿತಿ ಬರದಂತೆ, ದಿನ ತುಂಬುವ ಮೊದಲೇ ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಕಳುಹಿಸಿ. ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಟ್ಟರೆ ಶಿವಮೊಗ್ಗ ದೂರವೆಂದು ಹಿಂಜರಿಯಬೇಡಿ.

ಉಳಿದ ಪತ್ರಗಳಿಗೆ ಚುಟುಕಾಗಿ ಉತ್ತರಿಸುತ್ತೇನೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಯೇ? ಇಲ್ಲ, ಆ ದುಡ್ಡಿಗೆ ಮೊಟ್ಟೆ, ಹುರುಳಿಕಾಳು ತನ್ನಿ.

ಕಾಪರ್-ಟಿ ಎದೆಗೆ ಏರುತ್ತದೆಯೇ? ಏರುವುದಿಲ್ಲ. ದಾರ ಕೈಗೆ ಸಿಗದಿದ್ದರೆ ಹಾಕಿಸಿಕೊಂಡ ಆಸ್ಪತ್ರೆಯಲ್ಲಿ ತೋರಿಸಿ.

ಗಂಡೋ ಹೆಣ್ಣೋ ತಿಳಿಯುವುದು ಹೇಗೆ? 1994ರ ಕಾಯ್ದೆಯ ಪ್ರಕಾರ ಕೇಳುವುದೂ ಹೇಳುವುದೂ ಅಪರಾಧ. ಮತ್ತೆ ಬರೆಯಬೇಡಿ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆಯೇ? ಬರುವುದಿಲ್ಲ. ನೀರು ಕೊಡದಿದ್ದರೆ ಉರಿಮೂತ್ರ, ಮಲಬದ್ಧತೆ ಬರುತ್ತವೆ. ಮೈಯ ನೀರು ಬತ್ತಿ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಹೆರಿಗೆಯ ಬಳಿಕ ತಡೆಯಲಾರದ ತಲೆನೋವು ಬಂದರೆ, ಫಿಟ್ಸ್ ಆದರೆ, ದೃಷ್ಟಿ ಹತ್ತಿದೆ ಎಂದು ನಿವಾಳಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಬಾಯಾರಿದಾಗಲೆಲ್ಲ ನೀರು ಕೊಡಿ, ಹೊಟ್ಟೆ ತುಂಬ ಊಟ ಕೊಡಿ. ಕೆಂಪು ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ತಪ್ಪದೆ ತಿನ್ನಿಸಿ.