ಒಬ್ಬರಿಗೆ ವಾರದ ಅಡುಗೆ: ನಿಧಾನದ ಕೆಲಸ ಮಾತ್ರ ಒಟ್ಟಿಗೆ ಮಾಡಿಡಿ

ನೀವು ಕೇಳಿದ್ದು ಇಷ್ಟು: ಒಬ್ಬರೇ ಇದ್ದೀರಿ, ಅಡುಗೆ ಅಷ್ಟಾಗಿ ಬರುವುದಿಲ್ಲ, ಕೆಲಸ ಮುಗಿಸಿ ಬಂದ ಮೇಲೆ ಒಲೆ ಹಚ್ಚುವ ಮನಸ್ಸಿಲ್ಲ, ಹೊರಗೆ ತಿಂದು ತಿಂದು ಕೈ ಖಾಲಿಯಾಗುತ್ತಿದೆ. ರಜೆಯ ದಿನ ಒಂದೇ ಸಲ ಮಾಡಿಟ್ಟು ವಾರವಿಡೀ ತಿನ್ನಬಹುದಾ ಅಂತ.

ತಿನ್ನಬಹುದು. ನಾನು ಎಂಟು ವರ್ಷದಿಂದ ಒಬ್ಬನೇ ಇದ್ದೇನೆ, ಅದರಲ್ಲಿ ಏಳು ವರ್ಷ ಹೀಗೇ ತಿಂದಿದ್ದೇನೆ. ಉಳಿದ ಆ ಒಂದು ವರ್ಷ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ಭಾನುವಾರ ಉತ್ಸಾಹದಿಂದ ದೊಡ್ಡ ಪಾತ್ರೆ ತುಂಬ ಕಾಳಿನ ಪಲ್ಯ ಮಾಡಿದೆ. ಏಳು ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಸಾಲಾಗಿ ಜೋಡಿಸಿದೆ. ಏನು ಹೆಮ್ಮೆ ಅಂತೀರಿ! ಸೋಮವಾರ ರುಚಿಯಾಗಿತ್ತು. ಮಂಗಳವಾರ ಪರವಾಗಿಲ್ಲ. ಬುಧವಾರ ಡಬ್ಬಿ ತೆರೆದವನು ಹಾಗೇ ಮುಚ್ಚಿಟ್ಟು ಹೊರಗಿನಿಂದ ಊಟ ತರಿಸಿದೆ. ಶನಿವಾರ ಮೂರು ಡಬ್ಬಿ ಕಸದ ಬುಟ್ಟಿಗೆ ಹೋಯಿತು. ಅಂದರೆ ಆ ವಾರ ಊಟಕ್ಕೆ ಎರಡೆರಡು ಸಲ ದುಡ್ಡು ಕೊಟ್ಟೆ. ಹೀಗೆ ಎಷ್ಟು ವಾರ ನಡೆಯಿತು ಅಂತ ಕೇಳಬೇಡಿ.

ತಪ್ಪು ಎಲ್ಲಿತ್ತು ಅಂತ ಆಮೇಲೆ ಹೊಳೆಯಿತು. ಅಡುಗೆಯಲ್ಲಿ ಹೊತ್ತು ಹಿಡಿಯುವ ಕೆಲಸ ಒಂದೆರಡೇ. ಈರುಳ್ಳಿ ಹೆಚ್ಚಿ ಹುರಿಯುವುದು, ಕಾಳು ನೆನೆಸಿ ಬೇಯಿಸುವುದು. ಮೊಟ್ಟೆ ಒಡೆದು ಹಾಕುವುದಕ್ಕೆ, ಸೊಪ್ಪು ಬಾಡಿಸುವುದಕ್ಕೆ ಐದು ನಿಮಿಷ ಸಾಕು. ನಿಧಾನದ್ದನ್ನು ಮಾತ್ರ ಒಟ್ಟಿಗೆ ಮಾಡಿಟ್ಟರೆ ಸಾಕು. ಪೂರ್ತಿ ಊಟವನ್ನೇ ಮಾಡಿಟ್ಟರೆ ವಾರವಿಡೀ ಅದೊಂದೇ ರುಚಿಗೆ ಕಟ್ಟುಬೀಳುತ್ತೀರಿ.

ಹಾಗಾಗಿ ನನ್ನ ಭಾನುವಾರದ ಕೆಲಸ ಎರಡೇ. ಒಂದು ಒಲೆಯಲ್ಲಿ ಈರುಳ್ಳಿ-ಟೊಮೆಟೊ ಮಸಾಲೆ, ಇನ್ನೊಂದರಲ್ಲಿ ಕಾಳು.

ಮಸಾಲೆಗೆ ಒಂದು ಕೆಜಿ ಈರುಳ್ಳಿ, ಒಂದು ಕೆಜಿ ಟೊಮೆಟೊ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು, ಟೊಮೆಟೊದಲ್ಲಿ ಅದಕ್ಕಿಂತ ಹೆಚ್ಚು. ಕೊನೆಗೆ ಉಳಿಯುವುದು ಒಂದು ಮಧ್ಯಮ ಡಬ್ಬಿಯಷ್ಟೇ. ಅಗಲವಾದ ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಎಣ್ಣೆ, ಈರುಳ್ಳಿ, ಸ್ವಲ್ಪ ಉಪ್ಪು ಹಾಕಿ ಹತ್ತು ನಿಮಿಷ ಮುಚ್ಚಿಡಿ. ಉಪ್ಪಿಗೆ ಈರುಳ್ಳಿ ನೀರು ಬಿಡುತ್ತದೆ. ಆಮೇಲೆ ಮುಚ್ಚಳ ತೆಗೆದು ಆಗಾಗ ಕೈಯಾಡಿಸುತ್ತಿರಿ. ಆ ನೀರು ಆರುವವರೆಗೆ ಈರುಳ್ಳಿ ಕೆಂಪಾಗುವುದೇ ಇಲ್ಲ, ಎಷ್ಟು ಉರಿ ಏರಿಸಿದರೂ ಅಷ್ಟೇ. ನೀರಿರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ, ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಅಡುಗೆ ಹೊಸತಾಗಿ ಕಲಿಯುವವರು ಇಲ್ಲೇ ತಾಳ್ಮೆ ಕಳೆದುಕೊಂಡು ಹಸಿ ಈರುಳ್ಳಿಗೇ ಟೊಮೆಟೊ ಸುರಿದುಬಿಡುತ್ತಾರೆ. ಮುಕ್ಕಾಲು ಗಂಟೆ ಹಿಡಿಯಲಿ ಬಿಡಿ. ಕೈಯಲ್ಲೊಂದು ಫೋನ್ ಇದ್ದರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಬಣ್ಣ ಬಂದ ಮೇಲೆ ಶುಂಠಿ, ಬೆಳ್ಳುಳ್ಳಿ, ಆಮೇಲೆ ಟೊಮೆಟೊ. ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿ. ಖಾರ, ಮಸಾಲೆ ಪುಡಿ ಯಾವುದೂ ಈಗ ಬೇಡ. ಅದು ಆಯಾ ದಿನದ ಬಾಯಿಗೆ ಬಿಟ್ಟಿದ್ದು.

ಇದನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿಯಾಗಿಸಿ, ಬಿಲ್ಲೆಗಳನ್ನು ಒಂದು ಚೀಲಕ್ಕೆ ತುಂಬಿ ಫ್ರೀಜರಿನಲ್ಲಿಡಿ. ಒಬ್ಬರ ಊಟಕ್ಕೆ ಮೂರು ಬಿಲ್ಲೆ ಸಾಕು. ಆ ಟ್ರೇ ಮಾತ್ರ ಇದಕ್ಕೇ ಮೀಸಲಿರಲಿ. ನಮ್ಮ ಮನೆಗೆ ಬಂದ ಗೆಳೆಯನೊಬ್ಬ ಬೆಳ್ಳುಳ್ಳಿ ವಾಸನೆಯ ನಿಂಬೆ ಶರಬತ್ತು ಕುಡಿದು ಹೋಗಿದ್ದಾನೆ.

ಇನ್ನು ಕಾಳು. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವುದರಲ್ಲಿ ಇದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಕಾಲು ಕೆಜಿ ಒಣಕಾಳು ನೆನೆದು ಬೆಂದರೆ ಅರ್ಧ ಕೆಜಿಗಿಂತ ಜಾಸ್ತಿಯಾಗುತ್ತದೆ, ನಾಲ್ಕು ಊಟಕ್ಕೆ ಧಾರಾಳ. ರಾತ್ರಿ ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರು, ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಕಾಳು ನೊರೆ ಏಳುತ್ತದೆ, ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಟೊಮೆಟೊ, ಹುಣಸೆ, ನಿಂಬೆಯಂಥ ಹುಳಿ ಮೊದಲೇ ಹಾಕಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಇವನ್ನು ಬೆಂದ ಮೇಲೆ ಹಾಕಿ.

ರಾಜ್ಮಾದ ವಿಷಯದಲ್ಲಿ ಒಂದು ಎಚ್ಚರ. ಅದರಲ್ಲಿ ಲೆಕ್ಟಿನ್ ಎಂಬ ನಂಜಿನ ಅಂಶ ಇರುತ್ತದೆ. ಸರಿಯಾಗಿ ಬೇಯದ ಕೆಲವೇ ಕಾಳು ತಿಂದರೂ ವಾಂತಿ, ಭೇದಿ ಶುರುವಾಗಬಹುದು. ಕಡಿಮೆಯೆಂದರೆ ಐದು ಗಂಟೆ ನೆನೆಯಬೇಕು, ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಯಬೇಕು, ಆಮೇಲೆ ಮೆತ್ತಗಾಗುವ ತನಕ ಬೇಯಬೇಕು. ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಚಿಂತೆಯಿಲ್ಲ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿಗೆ ಮಾತ್ರ ಹಸಿ ರಾಜ್ಮಾ ಹಾಕಬೇಡಿ, ಅಲ್ಲಿ ಆ ನಂಜು ಹೋಗುವಷ್ಟು ಬಿಸಿಯೇ ಏರದಿರಬಹುದು.

ಅನ್ನ ನಾನು ವಾರಕ್ಕಾಗುವಷ್ಟು ಮಾಡುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ತಾನೇ ಆಗುತ್ತದೆ, ಮುಂದೆ ನಿಂತಿರಬೇಕಾಗಿಲ್ಲ. ಜೊತೆಗೆ ಅನ್ನ ಸ್ವಲ್ಪ ಮೋಸದ ಪದಾರ್ಥ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯಲ್ಲಿ ಇರಬಹುದು, ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಚಿಗುರಿ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಮಾರನೆಯ ದಿನವೇ ಮುಗಿಸಿ.

ಬೇರೆ ಅಡುಗೆಯನ್ನೂ ಹೆಚ್ಚೆಂದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ. 5 ಡಿಗ್ರಿಯಿಂದ 60 ಡಿಗ್ರಿ ನಡುವಿನ ಬಿಸಿ ಕ್ರಿಮಿಗಳಿಗೆ ಹಬ್ಬ, ಆ ಮಧ್ಯೆ ಊಟ ಹೆಚ್ಚು ಹೊತ್ತು ಇರಬಾರದು. ಒಂದು ಹೊತ್ತಿಗಷ್ಟೇ ಮಾಡುವಾಗ ಈ ತೊಂದರೆ ಇಲ್ಲ. ದೊಡ್ಡ ಪಾತ್ರೆಯಲ್ಲಿ ಮಾಡಿದಾಗ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಒಮ್ಮೆ ಬೇಯಿಸಿದ ಕಾಳಿನ ಪಾತ್ರೆಯನ್ನು ಮುಚ್ಚಿ ಒಲೆಯ ಮೇಲೇ ಬಿಟ್ಟು ಮಲಗಿದ್ದೆ. ಬೆಳಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಮೇಲೆಲ್ಲಾ ನೊರೆ. ಈಗ ಎರಡು ಇಂಚಿಗಿಂತ ಆಳವಿಲ್ಲದ ಡಬ್ಬಿಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿ ಅರ್ಧ ಗಂಟೆ ನಿಲ್ಲಿಸುತ್ತೇನೆ.

ಫ್ರಿಜ್ಜಿನಲ್ಲಿ ಬೆಂದ ಕಾಳಿಗೆ ಮೂರು-ನಾಲ್ಕು ದಿನದ ಆಯಸ್ಸು. ಹಾಗಾಗಿ ಅರ್ಧ ಕೆಳಗೆ, ಅರ್ಧ ಫ್ರೀಜರಿಗೆ. ಫ್ರೀಜರ್ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಸುಮ್ನೆ ಮಲಗಿಸುತ್ತದೆ ಅಷ್ಟೇ. ಹೆಪ್ಪು ಬಿಡಿಸುವಾಗ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿಡಿ, ಇಲ್ಲವೇ ನೇರವಾಗಿ ಬಾಣಲೆಗೆ ಹಾಕಿ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9 ಪಾಲು ಹಿಗ್ಗುತ್ತದೆ, ಡಬ್ಬಿಯಲ್ಲಿ ಮೇಲೆ ಜಾಗ ಬಿಡಿ. ಗಾಜಿನ ಬಾಟಲಿ ಒಡೆದುಕೊಂಡು ಕಲಿತ ಪಾಠ ಇದು. ಬೇಯಿಸಿದ ಆಲೂಗಡ್ಡೆ ಫ್ರೀಜರಿನಿಂದ ಹೊರಬಂದಾಗ ಮರಳುಮರಳು, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ರಬ್ಬರ್. ಎರಡನ್ನೂ ಒಳಗಿಡಬೇಡಿ.

ಡಬ್ಬಿಯ ಮೇಲೆ ಹೆಸರು, ತಾರೀಖು ಬರೆಯಿರಿ. ನೆನಪಿರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹೆಪ್ಪುಗಟ್ಟಿದ ಮೇಲೆ ಎಲ್ಲವೂ ಒಂದೇ ಕಂದು ಬಣ್ಣದ ಕಲ್ಲು.

ಈಗ ವಾರ ಹೇಗೆ ಕಳೆಯುತ್ತದೆ ನೋಡಿ. ಸೋಮವಾರ ಮೂರು ಬಿಲ್ಲೆ ಮಸಾಲೆ, ಕಾಳು, ಸ್ವಲ್ಪ ಖಾರ, ಅನ್ನದ ಜೊತೆ. ಮಂಗಳವಾರ ಮಸಾಲೆಗೆ ನೀರು ಸೇರಿಸಿ ಕುದಿಸಿ, ಎರಡು ಮೊಟ್ಟೆ ಒಡೆದು ಹಾಕಿ ಮುಚ್ಚಿಟ್ಟರೆ ಮುಗಿಯಿತು. ಬುಧವಾರ ನೂಡಲ್ಸಿಗೆ ಅದೇ ಮಸಾಲೆ, ಕೈಗೆ ಸಿಕ್ಕ ತರಕಾರಿ. ಗುರುವಾರ ಕಾಳಿಗೆ ಹಸಿ ಈರುಳ್ಳಿ, ಸೌತೆಕಾಯಿ, ನಿಂಬೆರಸ, ಒಲೆಯೇ ಬೇಡ. ಯಾವುದಕ್ಕೂ ಹದಿನೈದು ನಿಮಿಷ ದಾಟುವುದಿಲ್ಲ, ಅನ್ನ ಬೇಕಾದ ದಿನ ಇಪ್ಪತ್ತು. ಶುಕ್ರವಾರ ನಾನು ಹೊರಗೆ ತಿನ್ನುತ್ತೇನೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುವುದರಿಂದ ಏನೂ ಹಾಳಾಗುವುದಿಲ್ಲ.

ತರಕಾರಿ ಕೊಳ್ಳುವಾಗ ಸೊಪ್ಪು ಎರಡು ದಿನಕ್ಕಾಗುವಷ್ಟೇ ತನ್ನಿ, ಕೋಸು, ಕ್ಯಾರೆಟ್ ವಾರ ದಾಟಿಯೂ ಬರುತ್ತವೆ. ಡಬ್ಬಿಗಳ ಸೆಟ್ಟು ಈಗಲೇ ಕೊಳ್ಳಬೇಡಿ, ಮನೆಯಲ್ಲಿ ಇರುವ ಪಾತ್ರೆಗಳಲ್ಲೇ ಒಂದು ತಿಂಗಳು ನೋಡಿ. ಮೊದಲ ವಾರ ಕಾಳು ಕೂಡ ಬೇಡ, ಮಸಾಲೆ ಮಾತ್ರ ಮಾಡಿ. ಅದೂ ಅರ್ಧ ಕೆಜಿ ಈರುಳ್ಳಿಯದ್ದು. ನಿಮ್ಮ ಫ್ರಿಜ್ಜಿನಲ್ಲಿ ಫ್ರೀಜರ್ ಎಷ್ಟು ದೊಡ್ಡದಿದೆ ಅಂತ ನೀವು ಹೇಳಿಲ್ಲ. ಒಂದು ಐಸ್ ಟ್ರೇ, ಎರಡು ಚಪ್ಪಟೆ ಚೀಲ ಹಿಡಿಸುವಷ್ಟಿದ್ದರೆ ಮೇಲೆ ಹೇಳಿದ್ದೆಲ್ಲ ನಡೆಯುತ್ತದೆ.